ಹಗುರ ಪ್ರೇಮ-ಹಾಸ್ಯ ಚಿತ್ರ: ನೋಡಿಬಂದವರಲ್ಲಿ ಯಾರ ಮಾತನ್ನು ನಂಬಬೇಕು?

ಹಗುರವಾದ ಪ್ರೇಮ-ಹಾಸ್ಯ ಚಿತ್ರವೊಂದು ತೆರೆಗೆ ಬಂದಾಗಲೆಲ್ಲ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ನೋಡಿಬಂದವರಲ್ಲಿ ಒಬ್ಬರು ‘ಮನಸಾರೆ ನಕ್ಕೆ’ ಎನ್ನುತ್ತಾರೆ, ಇನ್ನೊಬ್ಬರು ‘ಅದೇ ಹಳೆಯ ಕಥೆ, ಎರಡು ಗಂಟೆ ದಂಡ’ ಎನ್ನುತ್ತಾರೆ. ಇಬ್ಬರೂ ನೋಡಿದ್ದು ಅದೇ ಚಿತ್ರವನ್ನು. ಹಾಗಾದರೆ ಯಾರನ್ನು ನಂಬಬೇಕು? ಕೊನೆಯ ಬಗ್ಗೆ ಮಾತನಾಡುವವರಿಗಿಂತ ನಡುವಿನ ಬಗ್ಗೆ ಮಾತನಾಡುವವರನ್ನು ನಂಬಿ ಎಂಬುದು ನನ್ನ ಉತ್ತರ. ಚಿತ್ರದ ಪ್ರೇಮಿಗಳಿಬ್ಬರಿಗೆ ಅಡ್ಡ ನಿಂತದ್ದು ಏನು, ಅದು ನಂಬುವಂತಿತ್ತೇ, ಅವರು ಎದುರುಬದುರಾದಾಗ ಮಾತು ಹೇಗೆ ಬೆಳೆಯುತ್ತಿತ್ತು ಎಂಬುದನ್ನು ತಿಳಿಸುವ ಅಭಿಪ್ರಾಯ, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ನಮಗೆ ನಿಜವಾಗಿ ನೆರವಾಗುತ್ತದೆ.

ಅಂಕಗಳಿಂದ ಈ ಪ್ರಶ್ನೆ ತೀರುವುದಿಲ್ಲ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾ ಸಂಖ್ಯೆಯು ಚಿತ್ರವನ್ನು ಒಟ್ಟಾರೆ ಮೆಚ್ಚಿದ ವಿಮರ್ಶಕರ ಪಾಲನ್ನು ಹೇಳುತ್ತದೆಯೇ ಹೊರತು ಆ ಮೆಚ್ಚುಗೆಯ ಆಳವನ್ನಲ್ಲ. ಬಹುತೇಕ ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಎಂದ ಚಿತ್ರಕ್ಕೆ 90 ಬರಬಹುದು. ಅರ್ಧ ಜನ ಎದೆಗೆ ಹಚ್ಚಿಕೊಂಡು ಉಳಿದರ್ಧ ಜನ ತಳ್ಳಿಹಾಕಿದ ಚಿತ್ರ 50 ಪಡೆದು, ಅಲ್ಲಿ ಉತ್ತೀರ್ಣವೆನಿಸಲು ಬೇಕಾದ 60ರ ಗೆರೆಯ ಕೆಳಗೇ ಉಳಿಯಬಹುದು. ಪ್ರೇಮ-ಹಾಸ್ಯದ ವಿಷಯದಲ್ಲಿ ಈ ಎರಡನೆಯ ಸ್ಥಿತಿ ಅಪರೂಪವೇನಲ್ಲ.

ಅತಿ ಹೆಚ್ಚು ಕೇಳಿಬರುವ ದೂರು ‘ಕೊನೆ ಮೊದಲೇ ಗೊತ್ತಾಗಿಬಿಟ್ಟಿತ್ತು’ ಎಂಬುದು. ನನಗೆ ಈ ದೂರು ಒಪ್ಪಿಗೆಯಿಲ್ಲ. ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದಲ್ಲಿ ರಾಜನಿಗೂ ಮಾಳವಿಕೆಗೂ ಮಿಲನವಾಗುವುದೆಂದು ಸಭೆಯಲ್ಲಿ ಕುಳಿತವರಿಗೆ ಮೊದಲೇ ತಿಳಿದಿರುತ್ತದೆ. ಅವರನ್ನು ಹಿಡಿದು ಕೂರಿಸುವುದು ವಿದೂಷಕ ಗೌತಮನ ಉಪಾಯ: ಸೆರೆಯಲ್ಲಿರುವ ಮಾಳವಿಕೆಯನ್ನು ಬಿಡಿಸಲು ಅವನು ಹಾವು ಕಚ್ಚಿದಂತೆ ನಟಿಸಿ, ಚಿಕಿತ್ಸೆಯ ನೆಪದಲ್ಲಿ ರಾಣಿ ಧಾರಿಣಿಯ ನಾಗಮುದ್ರೆಯ ಉಂಗುರವನ್ನು ಪಡೆದು ಕಾವಲಿನವರಿಗೆ ತೋರಿಸುತ್ತಾನೆ. ಏನಾಗುತ್ತದೆ ಎಂಬ ಕುತೂಹಲ ಈ ಪ್ರಕಾರಕ್ಕೆ ಎಂದೂ ಆಧಾರವಾಗಿರಲಿಲ್ಲ. ಹೇಗಾಗುತ್ತದೆ ಎಂಬ ಕುತೂಹಲವೇ ಅದರ ಜೀವ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೊನೆಯನ್ನು ಮೊದಲೇ ತಿಳಿದು ಸಣ್ಣಕಥೆ ಓದಿದವರು, ತಿಳಿಯದೆ ಓದಿದವರಿಗಿಂತ ಸ್ವಲ್ಪ ಹೆಚ್ಚೇ ಮೆಚ್ಚಿಕೊಂಡಿದ್ದರು. ಅದು ಸಣ್ಣಕಥೆಗಳ ಕುರಿತ ಅಧ್ಯಯನ, ಸಿನಿಮಾದ ಕುರಿತದ್ದಲ್ಲ. ನಂತರದ ಕೆಲವು ಅಧ್ಯಯನಗಳಲ್ಲಿ ಬೇರೆ ಫಲಿತಾಂಶವೂ ಬಂದಿದೆ. ಆದರೂ ಕೊನೆ ಗೊತ್ತಿದ್ದ ಮಾತ್ರಕ್ಕೆ ರುಚಿ ಕೆಡಲೇಬೇಕೆಂದಿಲ್ಲ ಎನ್ನುವಷ್ಟನ್ನು ಅದು ತೋರಿಸುತ್ತದೆ. ನನ್ನ ಅನುಭವದಲ್ಲಿ ‘ಕೊನೆ ಗೊತ್ತಿತ್ತು’ ಎಂದು ಬೇಸರಿಸುವವರಿಗೆ ನಿಜವಾಗಿ ಕಾಡಿರುವುದು ನಡುವಿನ ಶೂನ್ಯ. ಅಲ್ಲಿ ಹಿಡಿಸುವಂಥದ್ದೇನೂ ಸಿಗದಿದ್ದಾಗಲೇ ಕಣ್ಣು ಕೊನೆಯ ಕಡೆಗೆ ಓಡುತ್ತದೆ.

ನಡು ಎಂದರೆ ಮುಖ್ಯವಾಗಿ ಅಡ್ಡಿ. ಪ್ರಾಚೀನ ಗ್ರೀಸಿನ ಮೆನಾಂಡರ್ ಮತ್ತು ರೋಮಿನ ಪ್ಲಾಟಸ್‌ರ ಹಾಸ್ಯನಾಟಕಗಳಲ್ಲಿ ಎಷ್ಟೋ ಬಾರಿ ತಂದೆಯೇ ಅಡ್ಡಿ, ಹಣ ಅಡ್ಡಿ, ಕುಲ ಅಡ್ಡಿ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ, ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದ ಅಪರಿಚಿತರಿಬ್ಬರ ಮಂಚಗಳ ನಡುವೆ ಹಗ್ಗಕ್ಕೆ ನೇತುಹಾಕಿದ ಒಂದು ಕಂಬಳಿ ಅಡ್ಡಿಯಾಗಿ ನಿಲ್ಲುತ್ತದೆ. ಆ ಕಂಬಳಿ ಒಂದು ದಿನ ಕೆಳಗೆ ಬೀಳುತ್ತದೆಂದು ನೋಡುವವರಿಗೆ ಚೆನ್ನಾಗಿ ಗೊತ್ತು. ಬೀಳುವವರೆಗಿನ ಮಾತುಕತೆಯನ್ನು ಕೇಳುವುದೇ ಅವರ ಸುಖ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಹೀಗೆ ಆಸ್ಕರ್‌ನ ಐದೂ ಪ್ರಮುಖ ಪ್ರಶಸ್ತಿಗಳನ್ನು ಒಟ್ಟಿಗೆ ಪಡೆದ ಮೊದಲ ಚಿತ್ರ ಅದೇ. ಹಗುರ ಚಿತ್ರವೆಂದರೆ ಹಗುರ ಕೆಲಸ ಎಂದು ಭಾವಿಸುವವರು ಇದನ್ನೊಮ್ಮೆ ನೆನೆಯಬೇಕು.

ಇಂದಿನ ಬರಹಗಾರನಿಗೆ ಅಡ್ಡಿಯನ್ನು ಹುಡುಕುವುದೇ ಕಷ್ಟ. ವಯಸ್ಕರಾದ, ಸ್ವಂತ ದುಡಿಮೆಯುಳ್ಳ, ಕೈಯಲ್ಲಿ ಮೊಬೈಲ್ ಇರುವ ಇಬ್ಬರು ಪರಸ್ಪರ ಮೆಚ್ಚಿಕೊಂಡ ಮೇಲೆ ಅವರನ್ನು ಒಂದೂವರೆ ಗಂಟೆ ದೂರ ಇಡುವುದಾದರೂ ಹೇಗೆ? ಈ ಇಕ್ಕಟ್ಟಿನಿಂದಲೇ ಅರ್ಧ ಕೇಳಿಸಿಕೊಂಡ ಮಾತು, ತಪ್ಪು ತಿಳಿದ ದೃಶ್ಯ, ಹೇಳಬೇಕಾದುದನ್ನು ಕಾರಣವಿಲ್ಲದೆ ನುಂಗಿಕೊಳ್ಳುವ ನಾಯಕಿ ಇವೆಲ್ಲ ಕಥೆಯ ಕೊನೆಯ ಭಾಗಕ್ಕೆ ಬಂದು ಸೇರುತ್ತವೆ. ಆದ್ದರಿಂದ ‘ಒಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು’ ಎಂದು ಯಾರಾದರೂ ಹೇಳಿದರೆ ನಾನು ಆ ಮಾತಿಗೆ ಬೆಲೆ ಕೊಡುತ್ತೇನೆ. ಹಾಗೆ ಹೇಳಿದವರು ಚಿತ್ರದ ಮರ್ಮಕ್ಕೇ ಕೈಹಾಕಿದ್ದಾರೆ: ಅಡ್ಡಿ ಹೊರಗಿನಿಂದ ಅಂಟಿಸಿದ್ದು, ಆ ಇಬ್ಬರ ಸ್ವಭಾವದಿಂದ ಹುಟ್ಟಿದ್ದಲ್ಲ. ಬದಲಿಗೆ ‘ಅವನು ಸೋಲುವುದಕ್ಕೆ ಹೆದರುತ್ತಾನೆ, ಅವಳು ಸಹಾಯ ಕೇಳುವುದಕ್ಕೆ ಹೆದರುತ್ತಾಳೆ, ಅದಕ್ಕೇ ಇಷ್ಟು ಸುತ್ತು’ ಎಂದು ಯಾರಾದರೂ ವಿವರಿಸಿದರೆ, ಅವರಿಗೆ ಚಿತ್ರ ಹಿಡಿಸದಿದ್ದರೂ ನಾನು ಹೋಗಿ ನೋಡುತ್ತೇನೆ.

ಇನ್ನು ‘ನಗುವೇ ಬರಲಿಲ್ಲ’ ಎಂಬ ಮಾತು. ಇದನ್ನು ಹೇಳಿದವರು ಚಿತ್ರವನ್ನು ಎಲ್ಲಿ, ಯಾರೊಂದಿಗೆ ನೋಡಿದರೆಂದು ಕೇಳಬೇಕು. ಜನ ಒಬ್ಬರೇ ಇದ್ದಾಗಿನದಕ್ಕಿಂತ ಇತರರ ಜೊತೆಗಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ನಗುವಿನ ಬಗ್ಗೆ ಸಂಶೋಧನೆ ನಡೆಸಿದ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ತುಂಬಿದ ಚಿತ್ರಮಂದಿರದಲ್ಲಿ ಅಲೆಯೆದ್ದ ದೃಶ್ಯವೇ, ರಾತ್ರಿ ಒಬ್ಬರೇ ಕುಳಿತು ಫೋನಿನಲ್ಲಿ ನೋಡುವಾಗ ಸದ್ದಿಲ್ಲದೆ ಸರಿದುಹೋಗುತ್ತದೆ. ಎರಡೂ ಪ್ರಾಮಾಣಿಕ ಅನುಭವಗಳೇ. ನಗುವಿನ ಬಗೆಯನ್ನೂ ಗಮನಿಸಬೇಕು. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂದು ಹೇಳುವ ನಾಟ್ಯಶಾಸ್ತ್ರವು ಹಲ್ಲು ಕಾಣದ, ಕೆನ್ನೆ ತುಸುವೇ ಅರಳುವ ಸ್ಮಿತದಿಂದ ಹಿಡಿದು ಕೈಗಳಿಂದ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತದವರೆಗೆ ಆರು ಬಗೆಗಳನ್ನು ವಿಂಗಡಿಸುತ್ತದೆ. ಹಗುರ ಪ್ರೇಮಕಥೆ ಹೆಚ್ಚಾಗಿ ಮೊದಲನೆಯದನ್ನೇ ಗುರಿಯಾಗಿಸಿಕೊಂಡಿರುತ್ತದೆ. ಕೊನೆಯದನ್ನು ನಿರೀಕ್ಷಿಸಿ ಹೋದವರು ನಿರಾಶರಾಗಿ ಬರುವುದು ಸಹಜ, ಮತ್ತು ಅವರ ನಿರಾಶೆ ಚಿತ್ರದ ಗುಣವನ್ನು ಅಳೆಯುವುದಿಲ್ಲ.

ಒಂದು ದೂರನ್ನು ಮಾತ್ರ ನಾನು ಎಲ್ಲಕ್ಕಿಂತ ಮೊದಲು ಕೇಳಿಸಿಕೊಳ್ಳುತ್ತೇನೆ. ಹುಡುಗಿ ಸ್ಪಷ್ಟವಾಗಿ ಬೇಡವೆಂದ ಮೇಲೂ ಹಿಂದೆ ಬೀಳುವ ನಾಯಕನ ಹಟವನ್ನು ಚಿತ್ರ ಹಾಸ್ಯವೆಂದು ಬಡಿಸಿದಾಗ, ‘ನನಗೆ ಅಲ್ಲಿ ನಗು ಬರಲಿಲ್ಲ, ಭಯವಾಯಿತು’ ಎಂದು ಪ್ರೇಕ್ಷಕಿಯೊಬ್ಬರು ಹೇಳಿದರೆ, ‘ಹಗುರ ಚಿತ್ರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ’ ಎಂಬ ಉತ್ತರ ತೀರಾ ಅನ್ಯಾಯದ್ದು. ಪ್ರೇಮ-ಹಾಸ್ಯ ನಿಂತಿರುವುದೇ ಇಬ್ಬರೂ ಸಮಾನರಾಗಿ ಆಡುವ ಆಟದ ಮೇಲೆ. ಒಬ್ಬರಿಗೆ ಆಟ ಬಿಡುವ ಸ್ವಾತಂತ್ರ್ಯವಿಲ್ಲದಿದ್ದರೆ ಅಲ್ಲಿ ಹಾಸ್ಯವೂ ಇಲ್ಲ, ಪ್ರೇಮವೂ ಇಲ್ಲ.

ಪ್ರೇಕ್ಷಕರಿಗೆ ಬೇಕಿರುವುದು ಹೇಗಾದರೂ ಸರಿ ಒಂದು ಜೋಡಿ ಎಂದು ಚಿತ್ರ ಮಾಡುವವರಲ್ಲಿಯೂ ಅನೇಕರು ನಂಬಿರುವಂತಿದೆ. 1997ರ ‘ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್’ ಚಿತ್ರದ ಕಥೆ ಬೇರೆಯೇ ಇದೆ. ಗೆಳೆಯನ ಮದುವೆಯನ್ನು ಮುರಿಯಲು ಹೊರಟು ಸೋಲುವ ನಾಯಕಿಗೆ ಆ ಮದುವೆಯಲ್ಲೇ ಹೊಸ ಪುರುಷನೊಬ್ಬ ಪರಿಚಯವಾಗುವಂತೆ ಮೊದಲು ಚಿತ್ರೀಕರಿಸಿದ್ದರು. ಬಿಡುಗಡೆಗೆ ಮುನ್ನ ಪರೀಕ್ಷಾ ಪ್ರದರ್ಶನದಲ್ಲಿ ನೋಡಿದವರಿಗೆ ಅದು ಹಿಡಿಸಲಿಲ್ಲ. ಕೊನೆಯನ್ನು ಮತ್ತೆ ಚಿತ್ರೀಕರಿಸಿ, ಅವಳು ತನ್ನ ಸ್ನೇಹಿತ ಜಾರ್ಜ್‌ನೊಂದಿಗೆ ಕುಣಿಯುವ ದೃಶ್ಯವನ್ನು ಇಟ್ಟರು. ನಾಯಕಿಗೆ ಜೊತೆಗಾರ ಸಿಗದ ಆ ಕೊನೆಯನ್ನೇ ಜನ ಒಪ್ಪಿದರು, ಚಿತ್ರ ಗೆದ್ದಿತು. ನಡುವಿನಲ್ಲಿ ನಡೆದದ್ದಕ್ಕೆ ಕೊನೆ ತಕ್ಕದಾಗಿದೆಯೇ ಎಂದು ಸಾಮಾನ್ಯ ಪ್ರೇಕ್ಷಕರು ಎಷ್ಟು ಚೆನ್ನಾಗಿ ತೂಗುತ್ತಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಹೊಸ ಚಿತ್ರದ ಮೊದಲ ವಾರದ ಅಭಿಪ್ರಾಯಗಳಿಗೆ ಒಂದು ಮಿತಿಯಿದೆ. ಹೋವರ್ಡ್ ಹಾಕ್ಸ್ ನಿರ್ದೇಶಿಸಿದ ‘ಬ್ರಿಂಗಿಂಗ್ ಅಪ್ ಬೇಬಿ’ 1938ರಲ್ಲಿ ತೆರೆಕಂಡಾಗ ನಿರ್ಮಾಣ ಸಂಸ್ಥೆಗೆ ನಷ್ಟವಾಯಿತು. 1990ರಲ್ಲಿ ಅದೇ ಚಿತ್ರ ಸಂರಕ್ಷಿಸಬೇಕಾದ ಮಹತ್ವದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಆಯ್ಕೆಯಾಯಿತು. ಆದ್ದರಿಂದ ಅವಸರವಿಲ್ಲದವರಿಗೆ ನಾನು ಕೊಡುವ ಸಲಹೆಯೆಂದರೆ, ಅದೇ ಚಿತ್ರವನ್ನು ಎರಡನೆಯ ಸಲ ನೋಡಿದವರನ್ನು ಹುಡುಕಿ ಕೇಳಿ. ಮತ್ತೆ ಹೋಗಿ ಕುಳಿತವರಿಗೆ ಕೊನೆಯ ಕುತೂಹಲ ಉಳಿದಿರುವುದಿಲ್ಲ. ಅವರನ್ನು ಕರೆತಂದದ್ದು ಯಾವುದೋ ಒಂದು ಮಾತುಕತೆ, ಯಾವುದೋ ಒಂದು ಜಗಳ, ಇಬ್ಬರು ಒಬ್ಬರನ್ನೊಬ್ಬರು ಮೊದಲ ಬಾರಿಗೆ ನಿಜವಾಗಿ ಕೇಳಿಸಿಕೊಂಡ ಒಂದು ಗಳಿಗೆ. ಅದು ಯಾವ ದೃಶ್ಯವೆಂದು ಅವರು ಹೇಳಬಲ್ಲರಾದರೆ ಟಿಕೆಟ್ ತೆಗೆದುಕೊಳ್ಳಲು ಅಷ್ಟು ಸಾಕು.