ವಿಜ್ಞಾನ ಕೊಠಡಿಯ ಗೋಡೆಯ ಮೇಲಿನ ಚಂದ್ರ

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರು. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ನಮ್ಮ ಚಿತ್ರಕಲೆಯ ಮೇಷ್ಟ್ರು ವಿಜ್ಞಾನ ಕೊಠಡಿಯ ಹಿಂಬದಿಯ ಗೋಡೆಯನ್ನು ತಮಗೆ ಬಿಟ್ಟುಕೊಡಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿದರು. ಬಣ್ಣ ಕಲಸಲು, ಏಣಿ ಹಿಡಿಯಲು ಎಂಟನೇ ತರಗತಿಯ ನಾವು ನಾಲ್ವರು ನಿಂತೆವು.

ಮಾದರಿಗೆಂದು ಅವರ ಬಳಿ ಇದ್ದುದು ಹಳೆಯ ವಾರಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಒಂದೇ ಫೋಟೋ. 1969ರ ಜುಲೈನಲ್ಲಿ ಚಂದ್ರನ ನೆಲದ ಮೇಲೆ ನಿಂತಿದ್ದ ಬಜ್ ಆಲ್ಡ್ರಿನ್ ಅವರದು. ಅದರ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆದು, ಗೋಡೆಗೆ ದಾರ ಹಿಡಿದು ಅವೇ ಚೌಕಗಳನ್ನು ಹಿಗ್ಗಿಸಿಕೊಂಡರು. ಹೆಲ್ಮೆಟ್ಟಿನ ಗಾಜಿಗೇ ಮೂರು ದಿನ ಹಿಡಿಯಿತು. ಆ ಗಾಜಿನೊಳಗೆ ಅಂಗುಲದೆತ್ತರದ ಇನ್ನೊಬ್ಬ ಯಾನಿಯನ್ನು ಸಣ್ಣ ಕುಂಚದಿಂದ ಬಿಡಿಸುತ್ತ, "ಫೋಟೋ ತೆಗೆದವರು ಎಲ್ಲಿದ್ದಾರೆ, ಹುಡುಕ್ರೋ" ಎಂದರು. ಅದು ನೀಲ್ ಆರ್ಮ್‌ಸ್ಟ್ರಾಂಗ್ ಅವರ ಪ್ರತಿಬಿಂಬ. ನೋಡುವುದೆಂದರೇನು ಎಂಬುದನ್ನು ನಾನು ಕಲಿತದ್ದು ಆ ಗಳಿಗೆಯಲ್ಲಿ.

ಕಪ್ಪು ಆಕಾಶ ಬರಿದಾಗಿ ಕಾಣುತ್ತದೆಂದು ನಾವು ಪೀಡಿಸಿದ್ದರಿಂದ ಮೇಷ್ಟ್ರು ದಪ್ಪ ಬಿಳಿ ಬಣ್ಣದಲ್ಲಿ ನಕ್ಷತ್ರಗಳನ್ನಿಟ್ಟರು. ಕೆಳಗಿನ ಮೂಲೆಯ ಒಂದನ್ನು ನನ್ನ ಕೈಯಿಂದಲೇ ಇಡಿಸಿದರು. ಮರುದಿನ ವಿಜ್ಞಾನದ ಮೇಡಂ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಚಂದ್ರನಲ್ಲಿ ಬೆಳಕನ್ನು ಚದುರಿಸಲು ಗಾಳಿಯಿಲ್ಲದ ಕಾರಣ ಹಗಲಿನಲ್ಲೂ ಆಕಾಶ ಕಪ್ಪಾಗಿರುವುದು ನಿಜ, ಆದರೆ ಬಿಸಿಲಿಗೆ ಹೊಳೆಯುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾ ಕ್ಷಣಾರ್ಧ ಮಾತ್ರ ಬೆಳಕನ್ನು ಒಳಗೆ ಬಿಡುವುದರಿಂದ ಮಂಕಾದ ನಕ್ಷತ್ರಗಳು ಅದರಲ್ಲಿ ಮೂಡುವುದಿಲ್ಲ ಎಂದು ವಿವರಿಸಿದರು. ಮೇಷ್ಟ್ರು ಮರುಮಾತಾಡದೆ ಏಣಿ ತರಿಸಿ, ಅಷ್ಟೂ ನಕ್ಷತ್ರಗಳ ಮೇಲೆ ಕಪ್ಪು ಬಳಿದರು. ನಮಗೆ ಅಳು ಬಂದಿತ್ತು. ತಮ್ಮ ಕೈಯಾರೆ ಮಾಡಿದ್ದನ್ನು ನಿಜಕ್ಕಾಗಿ ಅಳಿಸಿದ ಅವರ ದೊಡ್ಡತನ ಅರ್ಥವಾಗಲು ವರ್ಷಗಳೇ ಬೇಕಾದವು.

ಚಂದ್ರನ ಮೇಲೆ ನಡೆದ ನಾಲ್ಕನೆಯವರಾದ ಅಲನ್ ಬೀನ್ 1981ರಲ್ಲಿ ನಾಸಾ ಬಿಟ್ಟು ಚಿತ್ರಕಾರರಾದ ಸಂಗತಿಯನ್ನು ಮುಂದೆ ಓದಿದೆ. ಅವರು ತಮ್ಮ ಚಿತ್ರಗಳ ಮೇಲ್ಮೈಯಲ್ಲಿ ಚಂದ್ರನ ಬೂಟಿನ ಅಚ್ಚೊತ್ತುತ್ತಿದ್ದರು. ಬೂದು ನೆಲಕ್ಕೆ ತಮಗಿಷ್ಟವಾದ ಬಣ್ಣಗಳನ್ನೂ ತುಂಬುತ್ತಿದ್ದರು. ಕಣ್ಣಾರೆ ಕಂಡು ಬಂದವರಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಒಂದು ಫೋಟೋವನ್ನಷ್ಟೇ ನಂಬಿದ್ದ ನಮ್ಮ ಮೇಷ್ಟ್ರು ಅದನ್ನು ತೆಗೆದುಕೊಳ್ಳಲಿಲ್ಲ.

ಕಳೆದ ವರ್ಷ ಶಾಲೆಗೆ ಹೋದಾಗ ಸಂಜೆಯ ಓರೆಬಿಸಿಲು ಕಿಟಕಿಯಿಂದ ಆ ಗೋಡೆಯ ಮೇಲೆ ಬಿದ್ದಿತ್ತು. ಕಪ್ಪಿನಡಿಯಲ್ಲಿ ಸಾಸಿವೆಯಷ್ಟು ಉಬ್ಬುಗಳು ಅಲ್ಲಲ್ಲಿ ಎದ್ದು ಕಾಣುತ್ತಿದ್ದವು. ಕೆಳಗಿನ ಮೂಲೆಯಲ್ಲಿ ಬೆರಳಾಡಿಸಿ ನನ್ನದನ್ನು ಹುಡುಕಿಕೊಂಡೆ.