ಬಾಲಕ್ಕೆ ಸೇರಿದ 40 ಗ್ರಾಂ

ನಾನು ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್. ಫಿಟ್ಟಿಂಗ್, ವೆಲ್ಡಿಂಗ್, ಮರಗೆಲಸ ಹೇಳಿಕೊಡುವುದು ನನ್ನ ಕೆಲಸ. ಸಂಜೆ ಐದರ ಮೇಲೆ ಇನ್ನೊಂದು ಕೆಲಸ ಇದೆ, ಅದು ನನಗೆ ಜಾಸ್ತಿ ಇಷ್ಟ. ಸ್ಪರ್ಧೆಗೆ ಮಾದರಿ ವಿಮಾನ ಕಟ್ಟುವ ಮಕ್ಕಳ ಜೊತೆ ನಿಲ್ಲುವುದು. ಎಸ್‌ಎಇ ಏರೋ ಡಿಸೈನ್ ಅನ್ನುವ ಸ್ಪರ್ಧೆ ಅಮೆರಿಕದಲ್ಲಿ 1986ರಲ್ಲಿ ಶುರುವಾಯಿತು. ಅದೇ ಬಗೆಯದು ಈಗ ಚೆನ್ನೈನಲ್ಲೂ ನಡೆಯುತ್ತದೆ. ವಿಮಾನ ಹಗುರ ಇರಬೇಕು, ಹೊರುವ ಭಾರ ಹೆಚ್ಚಿರಬೇಕು. ಇಡೀ ಆಟ ಇರುವುದು ಇಲ್ಲೇ.

ಹಾಗಾಗಿ ನಾವು ಬಾಲ್ಸಾ ಅನ್ನುವ ಹಗುರ ಮರದ ಹಾಳೆಗಳನ್ನು ಒಂದೊಂದಾಗಿ ತೂಗುತ್ತೇವೆ. ಒಂದು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪ. ಅಳತೆ ಒಂದೇ, ಆದರೆ ಒಂದು ಹಾಳೆ 30 ಗ್ರಾಂ ಇದ್ದರೆ ಇನ್ನೊಂದು 60 ತೂಗುತ್ತದೆ. ಮರವೇ ಹಾಗೆ. ಹಗುರವಾದದ್ದನ್ನು ಬಾಲಕ್ಕೆ ಅಂತ ಎತ್ತಿಡುತ್ತೇವೆ. ಇಷ್ಟೆಲ್ಲ ಮಾಡಿಯೂ ಆ ವರ್ಷ ನಾನೊಂದು ತಪ್ಪು ಮಾಡಿದೆ.

ಪರೀಕ್ಷಾ ಹಾರಾಟದ ಹಿಂದಿನ ರಾತ್ರಿ ಫೋನ್ ಬಂತು. "ಸರ್, ಆಟೋದಿಂದ ಇಳಿಸುವಾಗ ಬಾಲ ಬಿರುಕು ಬಿಟ್ಟಿದೆ." ನಾನು ಯೋಚನೆಯನ್ನೇ ಮಾಡಲಿಲ್ಲ. "ಅರಾಲ್ಡೈಟ್ ಹಾಕ್ರಪ್ಪಾ, ಎರಡೂ ಕಡೆ ಪ್ಲೈ ತುಂಡು ಕೊಡಿ, ಗಟ್ಟಿ ಕೂರಲಿ" ಅಂದೆ. ಮುರಿದದ್ದನ್ನು ಮೊದಲಿಗಿಂತ ಗಟ್ಟಿ ಮಾಡಿ ಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕೈಗೆ ಅಂಟಿದ ಅಭ್ಯಾಸ. ಬೆಂಚು, ಬಾಗಿಲು, ಗೇಟು ಎಲ್ಲದಕ್ಕೂ ಅದು ಸರಿ.

ಬೆಳಿಗ್ಗೆ ಆರಕ್ಕೆ ಒಣಗಿದ ಕೆರೆ ಅಂಗಳ. ಗಾಳಿ ಇರಲಿಲ್ಲ. ವಿಮಾನ ಓಡಿ ಮೇಲೆದ್ದಿತು, ಮಕ್ಕಳು ಕೂಗಿದರು. ಆಮೇಲೆ ಮೂತಿ ಏರುತ್ತಲೇ ಹೋಯಿತು. ಹಾರಿಸುತ್ತಿದ್ದ ಹುಡುಗ ರಿಮೋಟಿನ ಸ್ಟಿಕ್ ಸ್ವಲ್ಪ ತಳ್ಳಿದರೆ ಮೂತಿ ದಢಕ್ಕನೆ ಕೆಳಗೆ, ಬಿಟ್ಟರೆ ಮತ್ತೆ ಮೇಲೆ. ಮೂರನೇ ಸಲ ಮೇಲೆದ್ದಾಗ ವೇಗವೇ ಉಳಿದಿರಲಿಲ್ಲ. ಎಡ ರೆಕ್ಕೆ ಜಾರಿ ನೆಲಕ್ಕೆ ಬಿತ್ತು.

ಓಡಿ ಹೋಗಿ ನೋಡಿದೆವು. ಮೋಟಾರು ಕಿತ್ತುಹೋಗಿತ್ತು, ಎಡ ರೆಕ್ಕೆಗೆ ಆಕಾರ ಕೊಡುವ ಒಳಪಟ್ಟಿಗಳು, ಅಂದರೆ ರಿಬ್‌ಗಳೆಲ್ಲ ಪುಡಿ. ಬಾಲ ಮಾತ್ರ ಹಾಗೇ ಇತ್ತು. ನಾನು ಹೇಳಿ ಹಾಕಿಸಿದ ಪ್ಲೈ ತುಂಡಿನ ಮೇಲೆ ಒಂದು ಗೀರೂ ಇರಲಿಲ್ಲ.

"ನಾನೇ ಸರ್, ಸ್ಟಿಕ್ ಜೋರಾಗಿ ತಳ್ಳಿಬಿಟ್ಟೆ" ಅಂತ ಆ ಹುಡುಗ ಅಳುವ ಹಾಗಾದ. ವರ್ಕ್‌ಶಾಪಿಗೆ ಬಂದು ಆ ತೇಪೆಯನ್ನು ಅಂಟಿನ ಸಮೇತ ಕೆತ್ತಿ ತೆಗೆದು ತೂಗಿದೆ. 40 ಗ್ರಾಂ.

ಎರಡು ಕೆಜಿ ವಿಮಾನಕ್ಕೆ 40 ಗ್ರಾಂ ಏನು ಮಹಾ ಅನಿಸುತ್ತದೆ ಅಲ್ವಾ? ಆದರೆ ಅದು ಕೂತ ಜಾಗ ನೋಡಿ. ಏತದ ಮರದ ಲೆಕ್ಕವೇ ಇಲ್ಲೂ. ತೂಕದ ನಡುಬಿಂದು, ನಾವು ಸಿಜಿ ಅನ್ನುವುದು, ರೆಕ್ಕೆಯ ಮುಂಅಂಚಿನಿಂದ 7.5 ಸೆಂಟಿಮೀಟರ್ ಹಿಂದಿತ್ತು. ಮುಂದಿನಿಂದ ಹಿಂದಕ್ಕೆ ರೆಕ್ಕೆಯ ಅಗಲ 25 ಸೆಂಟಿಮೀಟರ್. ತೇಪೆ ಕೂತಿದ್ದು ಸಿಜಿಯಿಂದ 90 ಸೆಂಟಿಮೀಟರ್ ಹಿಂದೆ. ಅಷ್ಟಕ್ಕೇ ಸಿಜಿ ಒಂದೂಮುಕ್ಕಾಲು ಸೆಂಟಿಮೀಟರ್ ಹಿಂದೆ ಸರಿದಿತ್ತು. ವಿಮಾನದ ಮೂತಿ ನಿಲ್ಲದೆ ಕುಣಿಯಲು ಅಷ್ಟು ಸಾಕು. ಸರಿಮಾಡಲು 30 ಸೆಂಟಿಮೀಟರ್ ಮುಂದಿರುವ ಮೂತಿಯಲ್ಲಿ 120 ಗ್ರಾಂ ಸೀಸ ಇಡಬೇಕಿತ್ತು. ಒಂದು ಬಿರುಕಿಗೆ ಒಟ್ಟು 160 ಗ್ರಾಂ!

ವಿಮಾನದ ಎರಡೂ ಪಕ್ಕ ಸಿಜಿ ಗುರುತು ಇರಬೇಕು ಅನ್ನುವುದು ಸ್ಪರ್ಧೆಯ ನಿಯಮ. ಕಪ್ಪು ಬಿಳುಪು ಕಾಲುಭಾಗಗಳ ದುಂಡನೆಯ ಗುರುತು, ಕನಿಷ್ಠ ಅರ್ಧ ಇಂಚು. ನಮ್ಮದರಲ್ಲೂ ಅಂಟಿಸಿದ್ದೆವು. ಗುರುತು ಇದೆಯಲ್ಲ ಅಂತ ಆ ಬೆಳಿಗ್ಗೆ ಯಾರೂ ಬೆರಳ ಮೇಲೆ ಎತ್ತಿ ನೋಡಲಿಲ್ಲ. ರಾತ್ರಿಯ ರಿಪೇರಿ ಗೊತ್ತಿದ್ದ ನಾನೂ ಕೇಳಲಿಲ್ಲ. ಆ ಹುಡುಗನಿಗೆ ಎಲ್ಲರ ಎದುರೇ ಹೇಳಿದೆ: "ನಿನ್ನ ಕೈ ತಪ್ಪಲ್ಲಪ್ಪಾ, ನನ್ನ ಮಾತು ತಪ್ಪು."

ಸ್ಪರ್ಧೆಗೆ 19 ದಿನ ಉಳಿದಿತ್ತು. ರೆಕ್ಕೆ ಹೊಸದಾಗಿ ಕಟ್ಟಿದರು. ಬಾಲದ ಬಿರುಕನ್ನು ಓರೆಯಾಗಿ ಕೆತ್ತಿ, ಹಗುರ ಬಾಲ್ಸಾ ಕೂಡಿಸಿ, ಫೆವಿಕ್ವಿಕ್ ಜಾತಿಯ ತೆಳು ಅಂಟು ಹನಿಸಿದೆವು. ಕೂಡಿಸುವ ಮುಂಚೆ ತೂಗಿದೆವು, ಆಮೇಲೂ ತೂಗಿದೆವು. 9 ಗ್ರಾಂ ಏರಿತ್ತು. 200 ಗ್ರಾಮಿನ ಬ್ಯಾಟರಿಯನ್ನು ನಾಲ್ಕು ಸೆಂಟಿಮೀಟರ್ ಮುಂದೆ ತಳ್ಳಿದ್ದಕ್ಕೇ ಸರಿಹೋಯಿತು. ಸೀಸ ಬೇಕಾಗಲಿಲ್ಲ. ತಕ್ಕಡಿಯ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಕಟ್ಟಿಹಾಕಿದೆವು. ಒಂದು ತುಂಡು ಟೇಪು ಸುತ್ತಿದರೂ ಅದರಲ್ಲಿ ಬರೆಯಬೇಕು: ಎಲ್ಲಿ, ಎಷ್ಟು ಗ್ರಾಂ, ಯಾರು.

ಮತ್ತೆ ಅದೇ ಕೆರೆ ಅಂಗಳಕ್ಕೆ ಹೋದೆವು. ಹಾರಿಸುವ ಮುಂಚೆ ತಂಡದ ಹುಡುಗಿಯೊಬ್ಬಳು ಎರಡು ತೋರುಬೆರಳನ್ನು ರೆಕ್ಕೆಯ ಕೆಳಗೆ ಗುರುತಿಗೆ ಸರಿಯಾಗಿ ಕೊಟ್ಟು ವಿಮಾನ ಎತ್ತಿದಳು. ಒಂದು ಸಲ ಹಿಂದಕ್ಕೂ ಮುಂದಕ್ಕೂ ತೂಗಿ, ಮೂತಿ ಒಂಚೂರು ಕೆಳಗೆ ಬಾಗಿ ನಿಂತಿತು. ಅವಳು ಕಣ್ಣು ತೆಗೆಯದೆ, "ಬರ್ಕೊಳ್ಳಿ ಸರ್" ಅಂದಳು. ನೋಟ್‌ಬುಕ್ ನನ್ನ ಕೈಲಿತ್ತು. ಬರೆದು ಸಹಿ ಹಾಕಿದೆ.