ಜಿಂಕೆ ನಿನಗೇನು ಮಾಡಿತ್ತು?

ಏನೂ ಮಾಡಿರಲಿಲ್ಲ. ಆಯ್ತಾ?

ಅಮೆರಿಕದ ಮಿಷಿಗನ್‌ಗೆ ಬಂದು 14 ವರ್ಷ, ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಇಳಿದು 7 ವರ್ಷ. ಈ 7 ವರ್ಷದಲ್ಲಿ ಕನ್ನಡದವರ ಯಾವ ಹಬ್ಬದೂಟಕ್ಕೆ ಹೋದರೂ ಯಾರಾದರೊಬ್ಬರು ಪ್ಲೇಟ್ ಹಿಡಿದು ಪಕ್ಕಕ್ಕೆ ಬಂದು, "ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ" ಅಂತ ಶುರು ಮಾಡಿ, ಇದನ್ನೇ ಕೇಳುತ್ತಾರೆ. "ಪಾಪ, ಆ ಜಿಂಕೆ ನಿಮಗೇನು ಮಾಡಿತ್ತು?" ಬೇಜಾರು ಮಾಡ್ಕೋಬೇಡಿ ಅಂದವರ ಮುಂದಿನ ಮಾತು ಬೇಜಾರು ಮಾಡೋದಕ್ಕೇ ಇರುತ್ತೆ. ಅಮ್ಮನೇ ವಾಸಿ. ಪೀಠಿಕೆ ಇಲ್ಲ. "ಅದು ನಿನಗೇನು ಮಾಡಿತ್ತೋ?" ಅಂದು ಫೋನ್ ಇಟ್ಟುಬಿಡುತ್ತಾಳೆ.

ಈ ಪ್ರಶ್ನೆಯ ಧಾಟಿ ನೋಡಿ. ಜಿಂಕೆ ಏನಾದರೂ ಮಾಡಿದ್ದರೆ ಹೊಡೆಯಬಹುದಿತ್ತು, ಸುಮ್ನೆ ಹೊಡೆದದ್ದು ತಪ್ಪು ಅನ್ನೋ ಹಾಗೆ. ಲೆಕ್ಕ ತೆಗೆದರೆ ಮಾಡಿದೆ ಕೂಡ. ನನ್ನ ಕಾರಿನ ಬಂಪರ್ ಹೋಯಿತು, ಒಂದು ಹೆಡ್‌ಲೈಟ್ ಹೋಯಿತು. ಈ ರಾಜ್ಯದಲ್ಲಿ ವರ್ಷಕ್ಕೆ 50,000ಕ್ಕೂ ಜಾಸ್ತಿ ಸಲ ಗಾಡಿಗೂ ಜಿಂಕೆಗೂ ಡಿಕ್ಕಿಯಾಗುತ್ತೆ. ಹೆಂಡತಿ ಹಿತ್ತಲಲ್ಲಿ ಹಾಕಿದ ಬೀನ್ಸ್ ಒಂದೇ ರಾತ್ರಿಯಲ್ಲಿ ಖಾಲಿ. ಆದರೆ ಸೇಡು ತೀರಿಸಿಕೊಳ್ಳೋಕೆ ನಾನು ಕಾಡಿಗೆ ಹೋಗಲ್ಲ. ಬೇಟೆ ಇಷ್ಟ, ಆ ಮಾಂಸ ಇಷ್ಟ. ಅಷ್ಟೇ.

ಚಿಕನ್ ಕಡಿಯುತ್ತಾ ಕೇಳ್ತೀರಲ್ಲ ಅಂತ ತಿರುಗಿಸಿ ಕೇಳಬಹುದು. ಎರಡು ವರ್ಷ ಹಾಗೇ ಕೇಳಿದೆ. ಆಮೇಲೆ ಒಬ್ಬರು ಬರೀ ಮೊಸರನ್ನ ಹಾಕಿಸಿಕೊಂಡ ಪ್ಲೇಟ್ ಹಿಡಿದು ಬಂದು ಕೇಳಿದರು. ಅವತ್ತಿಂದ ಆ ಉತ್ತರ ಬಿಟ್ಟೆ.

ಅದರ ಹಿಂದೆಯೇ ಎರಡನೇ ಪ್ರಶ್ನೆ ಬರುತ್ತೆ. "ಗನ್ ಸಿಗೋ ದೇಶದಲ್ಲಿ ಬಿಲ್ಲು ಯಾಕೆ, ಏನು ರಾಮಾಯಣನಾ?" ರಾಮಾಯಣ ಅಂದ್ರಲ್ಲ, ಹೇಳ್ತೀನಿ. ಇಲ್ಲಿ 1960ರ ಜನವರಿ 1ರಿಂದೀಚೆಗೆ ಹುಟ್ಟಿದವರು ಬೇಟೆ ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಸುರಕ್ಷತೆಯ ಕ್ಲಾಸ್ ಪಾಸಾಗಿರಬೇಕು. ಅಲ್ಲಿ ತಲೆಗೆ ತುಂಬುವ ಪಾಠ ಏನಪ್ಪಾ ಅಂದರೆ, ಕಣ್ಣಿಗೆ ಸರಿಯಾಗಿ ಕಾಣದ್ದಕ್ಕೆ ಹೊಡೆಯಬೇಡ, ಕಂಡದ್ದರ ಹಿಂದೆ ಏನಿದೆ ಅಂತಲೂ ನೋಡಿಕೋ. ದಶರಥ ಈ ಕ್ಲಾಸಿಗೆ ಒಂದು ದಿನ ಬಂದಿದ್ದರೆ ಶ್ರವಣಕುಮಾರ ಕೊಡ ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದ.

ಬಿಲ್ಲು ಯಾಕೆ ಅಂದರೆ, ಹತ್ತಿರ ಹೋಗಬೇಕು ಅನ್ನೋದಕ್ಕೆ. ಗನ್ ಸೀಸನ್ ನವೆಂಬರ್ 15ಕ್ಕೆ ಶುರು. ಬಿಲ್ಲಿನವರಿಗೆ ಅಕ್ಟೋಬರ್ 1ರಿಂದಲೇ. ನನ್ನದು ಕಾಂಪೌಂಡ್ ಬಿಲ್ಲು, ಎರಡು ತುದಿಗೂ ಚಕ್ರ ಇರುವಂಥದ್ದು. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಅಲೆನ್ ಅನ್ನುವವರು ಮಾಡಿ 1969ರಲ್ಲಿ ಪೇಟೆಂಟ್ ಪಡೆದದ್ದು. ಎಳೆಯುವಾಗ 60 ಪೌಂಡ್, ಪೂರ್ತಿ ಎಳೆದ ಮೇಲೆ ಚಕ್ರ ತಿರುಗಿ ಕೈಮೇಲೆ ಉಳಿಯೋದು ಸುಮಾರು 12 ಪೌಂಡ್. ಹಾಗಾಗಿ ಹೆದೆ ಎಳೆದು ಹಿಡಿದು ಒಂದು ನಿಮಿಷ ಕಾಯಬಹುದು. ಕಾಯೋದೇ ಜಾಸ್ತಿ. ನಮ್ಮ ತೀರ್ಥಹಳ್ಳಿ ಕಡೆ ಹೀಗೆ ಮರದ ಮೇಲೆ ಅಡಗಿ ಕೂರೋದಕ್ಕೆ ಮರಸು ಅಂತಾರೆ. ಅಜ್ಜ ಕೋವಿ ಹಿಡಿದು ಮರಸು ಕೂತವರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಕೋವಿ ಗೋಡೆಗೆ ಹೋಯಿತು. ಅದೇ 1972ರಲ್ಲಿ ಅಮೆರಿಕದವರು ಕಾಡುಪ್ರಾಣಿಗಳ ಸಂರಕ್ಷಣೆಗಾಗಿ ಬಂದೂಕಿನ ಮೇಲೆ ಮೊದಲೇ ಹಾಕಿದ್ದ ತೆರಿಗೆಯನ್ನು ಬಿಲ್ಲು ಬಾಣಕ್ಕೂ ಹಾಕಿದರು, ಶೇಕಡಾ 11. ಅಂದ ಹಾಗೆ ಊರಲ್ಲಿ ಶಿಕಾರಿಗೆ ಕರೆದುಕೊಂಡು ಹೋಗಿ ಅಂತ ನನಗೆ ಮೆಸೇಜ್ ಹಾಕಬೇಡಿ. ಜೈಲು ನಿಮಗೇ ಇರಲಿ.

ನಾನು ಕೂರುವುದು ಇಲ್ಲಿನ ಜಾಕ್ಸನ್ ಊರಿನ ಕಡೆಯ ಒಬ್ಬ ವಯಸ್ಸಾದ ರೈತರ ಜಮೀನಿನ ಅಂಚಿನಲ್ಲಿ. ಒಂದು ಕಡೆ ಮುಸುಕಿನ ಜೋಳ, ಇನ್ನೊಂದು ಕಡೆ ಓಕ್ ಮರಗಳು. ಕತ್ತಲಾದ ಮೇಲೆ ಮರ ಇಳಿದು ಅವರ ಮನೆ ಮುಂದೆ ಹಾದು ಬರುವಾಗ ಅವರು ಕೇಳೋದು ಒಂದೇ. "ಸಿಕ್ತಾ?" ನಮ್ಮವರೂ ಅದನ್ನೇ ಕೇಳ್ತಾರೆ, ಸೂಪರ್ ಮಾರ್ಕೆಟ್‌ನಲ್ಲಿ ಕರಿಬೇವು ಸಿಕ್ತಾ ಅನ್ನೋ ಹಾಗೆ. ಆ ರೈತರು ಕೇಳೋದು ಹಾಗಲ್ಲ, ಬಾಣ ತಗುಲಿದ ಜಿಂಕೆ ಹುಡುಕಿದಾಗ ಸಿಕ್ತಾ ಅಂತ. ಬಾಣ ಬಿಟ್ಟ ಮೇಲೆ ಜಿಂಕೆ ಅಲ್ಲೇ ಬೀಳಲ್ಲ. ಎರಡೂ ಶ್ವಾಸಕೋಶಕ್ಕೆ ಬಿದ್ದರೂ ನೂರು ಗಜ ಓಡಬಹುದು. ಅರ್ಧ ಗಂಟೆ ಬಿಟ್ಟು, ಟಾರ್ಚ್ ಹಿಡಿದು, ಎಲೆ ಎಲೆ ತಿರುವಿ ರಕ್ತ ಹುಡುಕುತ್ತಾ ಹೋಗಬೇಕು. ನೊರೆ ನೊರೆಯಾಗಿ ತಿಳಿಗೆಂಪು ಇದ್ದರೆ ಒಳ್ಳೇದು. ಕಪ್ಪಾಗಿದ್ದು ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ.

ಮೂರನೇ ವರ್ಷ, ಅಕ್ಟೋಬರ್ ಕೊನೆ. 25 ಗಜ ದೂರದಲ್ಲಿ ಒಂದು ಹೆಣ್ಣು ಜಿಂಕೆ, ಅಡ್ಡಲಾಗಿ ನಿಂತಿತ್ತು. ಬೆರಳು ಬಿಟ್ಟ ಕ್ಷಣವೇ ಅದು ಒಂದು ಹೆಜ್ಜೆ ಮುಂದಿಟ್ಟಿತು. ಬಾಣ ಸಿಕ್ಕಿತು. ಮೂಸಿ ನೋಡಿದೆ. ಹಸಿರು. ಇಂಥ ಹೊತ್ತಿನಲ್ಲಿ ಬೆನ್ನಟ್ಟಬಾರದು, ಬೆನ್ನಟ್ಟಿದರೆ ಇನ್ನೂ ದೂರ ಹೋಗುತ್ತೆ, ರಾತ್ರಿಯಿಡೀ ಬಿಡಬೇಕು. ಮನೆಗೆ ಬಂದು ಮಲಗಿದೆ, ಅಂದರೆ ಸುಮ್ನೆ ಚಾವಣಿ ನೋಡುತ್ತಾ ಬಿದ್ದಿದ್ದೆ, ರಾತ್ರಿ ಎರಡಕ್ಕೆ ಮಳೆ ಶುರುವಾಯಿತು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಇಬ್ಬರು ಸ್ನೇಹಿತರ ಜೊತೆ ಹುಡುಕಿದೆ. ರಕ್ತ ಎಲ್ಲಾ ತೊಳೆದುಹೋಗಿತ್ತು. ಜೋಳದ ಸಾಲು ಒಂದೊಂದಾಗಿ ನಡೆದೆವು. ಆ ರೈತರೂ ಕೋಲು ಊರಿಕೊಂಡು ಬಂದರು. ಸಿಗಲಿಲ್ಲ.

ಪಾಪ ಅನ್ನಿಸಲ್ವಾ ಅಂತೀರಲ್ಲ, ಬಿದ್ದ ಜಿಂಕೆಗೆ ಅಷ್ಟು ಅನ್ನಿಸಲ್ಲ. ಸುಳ್ಳು ಯಾಕೆ ಹೇಳಲಿ. ಸಿಗದ ಆ ಒಂದಕ್ಕೆ ಅನ್ನಿಸುತ್ತೆ, ಈಗಲೂ, ಮಳೆ ಬಂದಾಗ. ಈಗ ಇಲ್ಲಿ ಹೊಡೆದ ಜಿಂಕೆಯ ವಿವರವನ್ನು 72 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಗಂಡೋ ಹೆಣ್ಣೋ, ಎಲ್ಲಿ, ಯಾವತ್ತು. ಪ್ರತಿ ಸಲ ಅದನ್ನು ತುಂಬುವಾಗ ಅವಳ ನೆನಪಾಗುತ್ತೆ. ಅವಳು ಯಾವ ಲೆಕ್ಕದಲ್ಲೂ ಇಲ್ಲ. ಈಗ 20 ಗಜದಾಚೆ ಇದ್ದರೆ ಹೆದೆ ಎಳೆಯಲ್ಲ. ಮಳೆಯ ಮುನ್ಸೂಚನೆ ಇದ್ದರೆ ಮರವನ್ನೇ ಹತ್ತಲ್ಲ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯಬೇಕಾಗಿಲ್ಲ.

ಬರೋ ಶನಿವಾರ ಗಣೇಶನ ಹಬ್ಬದ ಊಟ. ನಮ್ಮ ಮನೆಯಿಂದ ಚಿತ್ರಾನ್ನ. ಬಂದವರು ಸಿಕ್ತಾ ಅಂತ ಕೇಳಿ, ಕೂತು ಹೇಳ್ತೀನಿ. ಏನು ಮಾಡಿತ್ತು ಅಂತ ಕೇಳೋದಿದ್ದರೆ ಬಂಪರ್‌ನ ಬಿಲ್ ಕಾರಲ್ಲೇ ಇದೆ, ತೋರಿಸ್ತೀನಿ.